ಹಾದುಹೋಗುವ ಹಕ್ಕು, ಇಳಿಯುವ ಹಕ್ಕು



2025ರ ಮೇ 21ರಂದು ದೆಹಲಿಯಿಂದ ಶ್ರೀನಗರಕ್ಕೆ ಹೊರಟ ಇಂಡಿಗೋ ವಿಮಾನದ ಸುದ್ದಿ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಪಠಾಣ್‌ಕೋಟ್ ಹತ್ತಿರ, 36,000 ಅಡಿ ಎತ್ತರದಲ್ಲಿ, ಎದುರಿಗೆ ಆಲಿಕಲ್ಲು ತುಂಬಿದ ಗುಡುಗುಮೋಡ ಕಟ್ಟಿಕೊಂಡಿತ್ತು. ವಿಮಾನದೊಳಗೆ 220ಕ್ಕೂ ಹೆಚ್ಚು ಜನ. ಎಡಕ್ಕೆ, ಅಂದರೆ ಗಡಿಯ ಕಡೆಗೆ, ಸರಿದು ಮೋಡ ತಪ್ಪಿಸಲು ಪೈಲಟ್‌ಗಳು ಮೊದಲು ನಮ್ಮದೇ ವಾಯುಪಡೆಯ ನಾರ್ದರ್ನ್ ಕಂಟ್ರೋಲನ್ನು ಕೇಳಿದರು. ಒಪ್ಪಿಗೆ ಸಿಗಲಿಲ್ಲ. ಲಾಹೋರಿನ ಎಟಿಸಿಯನ್ನು, ಅಂದರೆ ಅಲ್ಲಿನ ವಿಮಾನ ಸಂಚಾರ ನಿಯಂತ್ರಣ ಕೇಂದ್ರವನ್ನು, ಕೇಳಿದರು. ಅಲ್ಲೂ ಸಿಗಲಿಲ್ಲ. ಹಿಂದಿರುಗೋಣವೆಂದರೆ ಮೋಡ ತೀರ ಹತ್ತಿರ ಬಂದಿತ್ತು. ಕೊನೆಗೆ ಅದರೊಳಕ್ಕೇ ನುಗ್ಗಿದರು. ಆಟೋಪೈಲಟ್ ಕೈಬಿಟ್ಟಿತು. ಒಂದು ಹಂತದಲ್ಲಿ ವಿಮಾನ ನಿಮಿಷಕ್ಕೆ 8,500 ಅಡಿ ವೇಗದಲ್ಲಿ ಕೆಳಗಿಳಿಯುತ್ತಿತ್ತು. ಪೈಲಟ್‌ಗಳು ಅದನ್ನು ಕೈಯಾರೆ ಹಿಡಿದು ನಿಲ್ಲಿಸಿ ಶ್ರೀನಗರ ಮುಟ್ಟಿಸಿದರು. ವಿಮಾನದ ಮೂಗು ಒಡೆದಿತ್ತು, ಜನರಿಗೆ ಪೆಟ್ಟಾಗಿರಲಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೇ ಹೊರಡಿಸಿದ ಹೇಳಿಕೆಯಲ್ಲಿ ಈ ವಿವರಗಳಿವೆ.

ಲಾಹೋರಿನ ಎಟಿಸಿ ಕೊಠಡಿಯಲ್ಲಿ ಕೂತಿದ್ದವರನ್ನು ಕಲ್ಲೆದೆಯವರು ಎಂದು ಬೈಯುವುದು ಸುಲಭ. ಆದರೆ ಅವರ ಮುಂದೆ ಒಂದು ನೋಟಾಮ್ ಇತ್ತು. ನೋಟಾಮ್ ಅಂದರೆ ವಿಮಾನ ನಡೆಸುವವರಿಗಾಗಿ ಆಯಾ ದೇಶ ಹೊರಡಿಸುವ ಸೂಚನೆ. ಪಹಲ್ಗಾಮ್ ಹತ್ಯಾಕಾಂಡದ ಎರಡು ದಿನಗಳ ಮೇಲೆ, ಏಪ್ರಿಲ್ 24ರಂದು, ಪಾಕಿಸ್ತಾನ ತನ್ನ ಆಕಾಶವನ್ನು ಮುಚ್ಚಿತು. ಭಾರತದಲ್ಲಿ ನೋಂದಣಿಯಾದ, ಭಾರತದ ಕಂಪನಿಗಳ ಒಡೆತನದ, ಅವು ನಡೆಸುವ, ಅಥವಾ ಬಾಡಿಗೆಗೆ ಪಡೆದ ಯಾವ ವಿಮಾನಕ್ಕೂ ಪ್ರವೇಶವಿಲ್ಲ ಎಂಬುದು ಸೂಚನೆಯ ಸಾರ. ಏಪ್ರಿಲ್ 30ರಂದು ನಾವೂ ಅವರ ವಿಮಾನಗಳಿಗೆ ಬಾಗಿಲು ಹಾಕಿದೆವು. ಆಮೇಲೆ ಎರಡೂ ಕಡೆ ತಿಂಗಳಿಂದ ತಿಂಗಳಿಗೆ ಅದನ್ನೇ ಮುಂದುವರಿಸುತ್ತ ಹೋದರು.

ಆಕಾಶಕ್ಕೆ ಹೀಗೆ ಬಾಗಿಲು ಹಾಕುವ ಅಧಿಕಾರ ಎಲ್ಲಿಂದ ಬಂತು, ಅದಕ್ಕೆ ಮಿತಿ ಇದೆಯೇ, ದೇಶದೇಶಗಳು ಮೇಜಿನ ಸುತ್ತ ಕೂತು ವಿಮಾನ ಒಪ್ಪಂದ ಮಾಡಿಕೊಳ್ಳುವಾಗ ಏನನ್ನು ಕೊಡುತ್ತವೆ, ಏನನ್ನು ಪಡೆಯುತ್ತವೆ ಎಂಬುದನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

1944ರ ನವೆಂಬರ್ 1ರಂದು, ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 52 ದೇಶಗಳ ಪ್ರತಿನಿಧಿಗಳು ಅಮೆರಿಕದ ಷಿಕಾಗೋದಲ್ಲಿ, ಸ್ಟೀವನ್ಸ್ ಹೋಟೆಲಿನಲ್ಲಿ ಸೇರಿದರು. ಸ್ವಾತಂತ್ರ್ಯ ಬರುವ ಮುನ್ನವೇ ಭಾರತದ ನಿಯೋಗವೂ ಅಲ್ಲಿತ್ತು. ಸೋವಿಯತ್ ಒಕ್ಕೂಟ ಬರಲಿಲ್ಲ. ಯುದ್ಧ ಮುಗಿದ ಮೇಲೆ ಜಗತ್ತಿನ ಆಕಾಶದಲ್ಲಿ ಯಾರು ಹಾರಬೇಕು, ಎಲ್ಲಿ ಇಳಿಯಬೇಕು ಎಂಬುದೇ ಪ್ರಶ್ನೆ. ಅಮೆರಿಕದ ಬಳಿ ದೊಡ್ಡ ವಿಮಾನಗಳಿದ್ದವು, ಅವನ್ನು ಕಟ್ಟುವ ಕಾರ್ಖಾನೆಗಳಿದ್ದವು. ಬ್ರಿಟನ್ನಿನ ಬಳಿ ಅಷ್ಟು ವಿಮಾನಗಳಿರಲಿಲ್ಲ. ಆದರೆ ವಿಮಾನ ಇಳಿದು ಇಂಧನ ತುಂಬಿಸಿಕೊಳ್ಳಬೇಕಾದ ಜಾಗಗಳು, ಕರಾಚಿಯೂ ಕಲ್ಕತ್ತೆಯೂ ಸೇರಿದಂತೆ, ಅದರ ಸಾಮ್ರಾಜ್ಯದ ತುಂಬ ಹರಡಿದ್ದವು. ಅಮೆರಿಕದ ಅಡಾಲ್ಫ್ ಬರ್ಲೆ ಆಕಾಶ ಮುಕ್ತವಾಗಿರಲಿ ಎಂದರು. ಬ್ರಿಟನ್ನಿನ ಲಾರ್ಡ್ ಸ್ವಿಂಟನ್ ಎಷ್ಟು ವಿಮಾನ, ಎಷ್ಟು ಸೀಟು ಎಂಬುದನ್ನು ಹಂಚಿಕೊಡುವ ಅಂತರರಾಷ್ಟ್ರೀಯ ಮಂಡಳಿ ಬೇಕು ಎಂದರು. ತಮ್ಮತಮ್ಮ ಕೈಯಲ್ಲಿ ಏನಿತ್ತೋ ಅದಕ್ಕೆ ತಕ್ಕ ನೀತಿಯನ್ನು ಇಬ್ಬರೂ ಮಂಡಿಸಿದರು. ಐದು ವಾರ ಹಗ್ಗಜಗ್ಗಾಟ ನಡೆಯಿತು. ಡಿಸೆಂಬರ್ 7ರಂದು ಸಹಿಯಾದ ಷಿಕಾಗೋ ಒಡಂಬಡಿಕೆಯ ಮೊದಲ ವಿಧಿಯೇ, ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಸಂಪೂರ್ಣ ಮತ್ತು ಏಕಮಾತ್ರ ಪರಮಾಧಿಕಾರ ಉಂಟು ಎಂದು ಸಾರಿತು. ಆರನೆಯ ವಿಧಿ, ಅನುಮತಿಯಿಲ್ಲದೆ ಯಾವ ನಿಗದಿತ ವಿಮಾನಸೇವೆಯೂ ಇನ್ನೊಂದು ದೇಶದ ಮೇಲೆ ಹಾರುವಂತಿಲ್ಲ, ಇಳಿಯುವಂತಿಲ್ಲ ಎಂದು ಕಟ್ಟುಮಾಡಿತು.

ಅನುಮತಿ ಬೇಕು ಎಂದಾದ ಮೇಲೆ ಯಾವ ಯಾವುದಕ್ಕೆ ಅನುಮತಿ ಎಂದು ಬಿಡಿಸಿ ಹೇಳಬೇಕಾಯಿತು. ವೈಮಾನಿಕ ವಲಯದವರು ಇವನ್ನು ಆಕಾಶದ ಸ್ವಾತಂತ್ರ್ಯಗಳು ಎನ್ನುತ್ತಾರೆ. ಇನ್ನೊಂದು ದೇಶದ ಮೇಲೆ ಇಳಿಯದೆ ಹಾದುಹೋಗುವುದು ಮೊದಲನೆಯದು. ಜನರನ್ನು ಹತ್ತಿಸದೆ ಇಳಿಸದೆ, ಇಂಧನಕ್ಕೋ ರಿಪೇರಿಗೋ ಇಳಿಯುವುದು ಎರಡನೆಯದು. ನಮ್ಮ ದೇಶದಿಂದ ಅಲ್ಲಿಗೆ ಜನರನ್ನು ಒಯ್ಯುವುದು ಮೂರನೆಯದು, ಅಲ್ಲಿಂದ ಇಲ್ಲಿಗೆ ತರುವುದು ನಾಲ್ಕನೆಯದು. ಅಲ್ಲಿ ಹತ್ತಿಸಿಕೊಂಡವರನ್ನು ಮೂರನೇ ದೇಶಕ್ಕೆ ಒಯ್ಯುವುದು ಐದನೆಯದು. ಈ ಐದನೆಯದರ ಮೇಲೆಯೇ ಬರ್ಲೆ ಮತ್ತು ಸ್ವಿಂಟನ್ ನಡುವೆ ಮಾತು ಮುರಿದದ್ದು.

ನನ್ನ ಇಡೀ ವಾದ ನಿಂತಿರುವುದು ಮೊದಲಿನ ಎರಡು ಮತ್ತು ಆಮೇಲಿನ ಮೂರರ ನಡುವಿನ ಗೆರೆಯ ಮೇಲೆ. ನಮ್ಮ ಹಳ್ಳಿಗಳಲ್ಲಿ ಬಂಡಿದಾರಿಯ ವ್ಯಾಜ್ಯ ಕಾಣದವರಿಲ್ಲ. ಪಕ್ಕದವನ ಜಮೀನಿನ ಬದುವಿನ ಮೇಲೆ ಗಾಡಿ ಹೊಡೆದುಕೊಂಡು ನನ್ನ ಹೊಲ ಸೇರುವುದು ಒಂದು. ಅವನ ಜಮೀನಿನಲ್ಲೇ ಅಂಗಡಿ ಹಾಕುತ್ತೇನೆ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಚೌಕಾಸಿ ನ್ಯಾಯವೇ. ಮೊದಲನೆಯದನ್ನು ಸಿಟ್ಟು ಬಂದಾಗ ಮುಳ್ಳು ಹಾಕಿ ಮುಚ್ಚಿದರೆ ತಹಶೀಲ್ದಾರರು ಕೂಡ ಒಪ್ಪುವುದಿಲ್ಲ. ಷಿಕಾಗೋದಲ್ಲಿ ಸೇರಿದವರಿಗೂ ಇದು ಹೊಳೆದಿತ್ತು. ಹಾಗಾಗಿಯೇ ಮೊದಲ ಎರಡು ಹಕ್ಕುಗಳನ್ನು ಪರಸ್ಪರ ಬಿಟ್ಟುಕೊಡುವ ಪ್ರತ್ಯೇಕ ಒಪ್ಪಂದವನ್ನು ಅಲ್ಲೇ ಮಾಡಿದರು. ಭಾರತವೂ ಪಾಕಿಸ್ತಾನವೂ ಅದರಲ್ಲಿವೆ. ರಷ್ಯಾ, ಚೀನಾ, ಬ್ರೆಜಿಲ್‌ನಂಥ ವಿಶಾಲ ದೇಶಗಳು ಇಲ್ಲ. ಕೆನಡಾ ಇದ್ದದ್ದು 1988ರಲ್ಲಿ ಹೊರಬಂತು. ಅತಿ ಉದ್ದದ ಹಾದಿಗಳು ಯಾರ ನೆಲದ ಮೇಲಿವೆಯೋ ಅವರೇ ಹೊರಗಿರುವುದು ಈ ಒಪ್ಪಂದದ ದೊಡ್ಡ ಕೊರತೆ.

ಒಳಗಿದ್ದವರೂ ಅದನ್ನು ಪಾಲಿಸಿದ್ದು ಅಷ್ಟಕ್ಕಷ್ಟೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಮಾಂಟ್ರಿಯಲ್‌ನಲ್ಲಿರುವ ಐಕಾವೊ, ತನ್ನ ಚರಿತ್ರೆಯಲ್ಲಿ ಕೈಗೆತ್ತಿಕೊಂಡ ಮೊದಲ ದಾವೆ ಭಾರತ ಪಾಕಿಸ್ತಾನದ ಮೇಲೆ ಹೂಡಿದ್ದು, 1952ರಲ್ಲಿ. ಪಾಕಿಸ್ತಾನ ತನ್ನ ಪಶ್ಚಿಮ ಗಡಿಯುದ್ದಕ್ಕೂ ನಿಷೇಧಿತ ವಲಯ ಘೋಷಿಸಿದ್ದರಿಂದ ನಮ್ಮ ವಿಮಾನಗಳು ನೇರವಾಗಿ ಕಾಬೂಲ್ ಸೇರಲಾಗುತ್ತಿರಲಿಲ್ಲ. ತೀರ್ಪಿನವರೆಗೆ ಹೋಗಲಿಲ್ಲ. ಐಕಾವೊ ಮಂಡಳಿ ಇಬ್ಬರನ್ನೂ ಮಾತುಕತೆಗೆ ಕೂರಿಸಿತು, ಪಾಕಿಸ್ತಾನ ಓಣಿಯಂಥ ಹಾದಿಗಳನ್ನು ಬಿಟ್ಟುಕೊಟ್ಟಿತು.

1971ರಲ್ಲಿ ಪಾತ್ರ ಅದಲುಬದಲಾಯಿತು. ಜನವರಿ 30ರಂದು ಇಂಡಿಯನ್ ಏರ್‌ಲೈನ್ಸ್‌ನ 'ಗಂಗಾ' ಎಂಬ ಫಾಕರ್ ವಿಮಾನವನ್ನು ಅಪಹರಿಸಿ ಲಾಹೋರಿಗೆ ಒಯ್ದು, ಪ್ರಯಾಣಿಕರನ್ನು ಬಿಟ್ಟ ಮೇಲೆ ಸುಟ್ಟರು. ಫೆಬ್ರುವರಿ 4ರಂದು ಭಾರತ ಪಾಕಿಸ್ತಾನದ ವಿಮಾನಗಳು ನಮ್ಮ ಮೇಲೆ ಹಾರುವುದನ್ನು ನಿಲ್ಲಿಸಿತು. ಆಗ ಪೂರ್ವ ಪಾಕಿಸ್ತಾನ ಮತ್ತು ಪಶ್ಚಿಮ ಪಾಕಿಸ್ತಾನದ ನಡುವೆ ಇದ್ದದ್ದು ನಾವು. ಕರಾಚಿಯಿಂದ ಢಾಕಾಕ್ಕೆ ಹೋಗಬೇಕಾದ ವಿಮಾನಗಳು ಕೊಲಂಬೊ ಸುತ್ತಿ ಹೋಗಬೇಕಾಯಿತು. ಪಾಕಿಸ್ತಾನ ಐಕಾವೊ ಮೆಟ್ಟಿಲೇರಿತು. ಮಂಡಳಿಗೆ ಇದನ್ನು ವಿಚಾರಿಸುವ ಅಧಿಕಾರವೇ ಇಲ್ಲ ಎಂದು ನಾವು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದೆವು. ನಾನಿ ಪಾಲ್ಖಿವಾಲಾ ನಮ್ಮ ಪರ ವಾದಿಸಿದರು. 1972ರ ಆಗಸ್ಟ್ 18ರಂದು ನ್ಯಾಯಾಲಯ ಮಂಡಳಿಗೆ ಅಧಿಕಾರ ಉಂಟು ಎಂದು ತೀರ್ಮಾನಿಸಿತು. ಅಷ್ಟರಲ್ಲಿ ಯುದ್ಧ ನಡೆದು, ಪೂರ್ವ ಪಾಕಿಸ್ತಾನ ಬಾಂಗ್ಲಾದೇಶವಾಗಿ, ದಾವೆಯ ಬುಡವೇ ಕುಸಿದಿತ್ತು. 1976ರಲ್ಲಿ ಎರಡು ದೇಶಗಳೂ ಕೂತು ಅದನ್ನು ಕೈಬಿಟ್ಟವು.

ಆ ಸಂದರ್ಭದಲ್ಲಿ ಭಾರತ ತಪ್ಪು ಮಾಡಿತು ಎಂದು ತೀರ್ಪು ಕೊಡಲು ನಾನು ಈ ಕತೆ ಹೇಳಲಿಲ್ಲ. ವಿಮಾನ ಅಪಹರಣವನ್ನು ಯಾವ ಸರ್ಕಾರವೂ ಸುಮ್ಮನೆ ನುಂಗಲಾರದು. ಆದರೆ ಒಪ್ಪಂದದ ಬರಹ ನೋಡಿ. ತುರ್ತು ಪರಿಸ್ಥಿತಿಯಲ್ಲಿ ಒಂದು ದೇಶ ತನ್ನ ಆಕಾಶವನ್ನು ತಾತ್ಕಾಲಿಕವಾಗಿ ಮುಚ್ಚಬಹುದು ಎನ್ನುತ್ತದೆ ಷಿಕಾಗೋ ಒಡಂಬಡಿಕೆಯ ಒಂಬತ್ತನೆಯ ವಿಧಿ. ಜೊತೆಗೇ, ಹಾಗೆ ಮುಚ್ಚುವುದಾದರೆ ಇತರ ಎಲ್ಲ ದೇಶಗಳ ವಿಮಾನಗಳಿಗೂ ಭೇದವಿಲ್ಲದೆ ಅನ್ವಯಿಸಬೇಕು ಎಂಬ ಷರತ್ತನ್ನೂ ಹಾಕುತ್ತದೆ. ಕ್ಷಿಪಣಿ ಹಾರುವ ಆಕಾಶ ಎಲ್ಲರಿಗೂ ಅಪಾಯ, ಹಾಗಾಗಿ ಎಲ್ಲರಿಗೂ ಮುಚ್ಚಿ ಎಂಬ ನೇರ ತರ್ಕ ಅದು. ವಿಮಾನದ ಬಾಲದ ಮೇಲಿನ ಬಾವುಟ ನೋಡಿ ಬಾಗಿಲು ಹಾಕುವುದು ಆ ತರ್ಕದ ಒಳಗೆ ಬರುವುದಿಲ್ಲ. ಆದರೂ ಅದೇ ನಡೆಯುತ್ತಿದೆ.

2017ರ ಜೂನ್‌ನಲ್ಲಿ ಸೌದಿ ಅರೇಬಿಯಾ, ಯುಎಇ, ಬಹರೇನ್ ಮತ್ತು ಈಜಿಪ್ಟ್ ಕತಾರಿನ ವಿಮಾನಗಳಿಗೆ ಮಾಡಿದ್ದೂ ಅದನ್ನೇ. ಕತಾರಿನ ಆಕಾಶವನ್ನು ಆಗ ನಿಯಂತ್ರಿಸುತ್ತಿದ್ದದ್ದು ಬಹರೇನ್. ಹಾಗಾಗಿ ದೋಹಾದಿಂದ ಮೇಲೆದ್ದ ವಿಮಾನ ಇರಾನಿನ ಕಡೆಗೆ ತೆರೆದಿದ್ದ ಕಿರಿದಾದ ಹಾದಿಯಲ್ಲೇ ನುಸುಳಬೇಕಾಯಿತು. ಕತಾರ್ ಐಕಾವೊಗೆ ಹೋಯಿತು. ಎದುರು ಪಕ್ಷದವರು, 1971ರಲ್ಲಿ ನಾವು ಮಾಡಿದಂತೆಯೇ, ಮಂಡಳಿಗೆ ಅಧಿಕಾರವಿಲ್ಲವೆಂದು ಹೇಗ್‌ಗೆ ಹೋದರು. 2020ರ ಜುಲೈ 14ರಂದು ನ್ಯಾಯಾಲಯ ಅವರ ವಾದವನ್ನೂ ತಳ್ಳಿಹಾಕಿತು. ಬಾಗಿಲು ತೆರೆದದ್ದು ಮಾತ್ರ 2021ರ ಜನವರಿಯಲ್ಲಿ, ಅಲ್-ಉಲಾದಲ್ಲಿ ಆ ದೇಶಗಳು ರಾಜಿಯಾದ ಮೇಲೆ. ಮೂರೂವರೆ ವರ್ಷ. ಆ ರಾಜಿಯ ಆಚೆಗೆ ಕತಾರ್ ಒಂದು ಗಟ್ಟಿ ಕೆಲಸವನ್ನೂ ಮಾಡಿಕೊಂಡಿತು. ಐಕಾವೊ ಜೊತೆ ಪಟ್ಟುಹಿಡಿದು ತನ್ನದೇ ದೋಹಾ ವಾಯುನಿಯಂತ್ರಣ ವಲಯವನ್ನು 2022ರಲ್ಲಿ ಸ್ಥಾಪಿಸಿಕೊಂಡಿತು.

ಬಾಗಿಲು ಮುಚ್ಚಿದಾಗ ನಷ್ಟ ಎಲ್ಲಿ ಬೀಳುತ್ತದೆ? 2019ರಲ್ಲಿ ಬಾಲಾಕೋಟ್ ದಾಳಿಯ ನಂತರ ಪಾಕಿಸ್ತಾನ ಫೆಬ್ರುವರಿ ಕೊನೆಯಿಂದ ಜುಲೈ 16ರವರೆಗೆ ಆಕಾಶ ಮುಚ್ಚಿತ್ತು. ಆಗ ಏರ್ ಇಂಡಿಯಾಕ್ಕೆ ಜುಲೈ 2ರವರೆಗೆ ಆದ ನಷ್ಟ 491 ಕೋಟಿ ರೂಪಾಯಿ ಎಂದು ಸಚಿವ ಹರ್‌ದೀಪ್ ಸಿಂಗ್ ಪುರಿ ಸಂಸತ್ತಿಗೆ ತಿಳಿಸಿದರು. ಹಾದುಹೋಗುವ ಶುಲ್ಕ ಕಳೆದುಕೊಂಡ ಪಾಕಿಸ್ತಾನವೂ ಅದರ ಹಣದಲ್ಲಿ ಸುಮಾರು 850 ಕೋಟಿ ರೂಪಾಯಿ ನಷ್ಟ ಲೆಕ್ಕ ಹಾಕಿತು. 2025ರಲ್ಲಿ ಅಮೆರಿಕಕ್ಕೆ ಹೋಗುವ ಏರ್ ಇಂಡಿಯಾ ವಿಮಾನಗಳು ಇಂಧನಕ್ಕಾಗಿ ವಿಯೆನ್ನಾದಲ್ಲೋ ಕೋಪನ್‌ಹೇಗನ್‌ನಲ್ಲೋ ಇಳಿಯಬೇಕಾಯಿತು. ಸೆಪ್ಟೆಂಬರ್‌ನಿಂದ ದೆಹಲಿ–ವಾಷಿಂಗ್ಟನ್ ವಿಮಾನವನ್ನೇ ನಿಲ್ಲಿಸಿದರು, ಅದಕ್ಕೆ ಹೇಳಿದ ಕಾರಣಗಳಲ್ಲಿ ಇದೂ ಒಂದು.

ದೊಡ್ಡ ವಿಮಾನಗಳು ಹೇಗೋ ಸುತ್ತು ಹಾಕಿಕೊಂಡು ಹೋಗುತ್ತವೆ. ಇಂಡಿಗೋ ದೆಹಲಿಯಿಂದ ತಾಷ್ಕೆಂಟಿಗೂ ಆಲ್ಮಾಟಿಗೂ ಚಿಕ್ಕ, ಒಂದೇ ನಡುಹಾದಿಯ ವಿಮಾನಗಳನ್ನು ಹಾರಿಸುತ್ತಿತ್ತು. ಭೂಪಟ ಬಿಡಿಸಿ ನೋಡಿದರೆ ಆ ಊರುಗಳು ದೆಹಲಿಗೆ ಉತ್ತರಕ್ಕೆ ಹತ್ತಿರದಲ್ಲೇ ಇವೆ. ಆದರೆ ಪಾಕಿಸ್ತಾನದ ಮೇಲಿನ ಹಾದಿ ತಪ್ಪಿದರೆ ಪಶ್ಚಿಮಕ್ಕೆ ಅರಬ್ಬಿ ಸಮುದ್ರದ ಮೇಲೆ ಹೋಗಿ ಇರಾನ್ ಬಳಸಿ ಬರಬೇಕು. ಆ ವಿಮಾನದ ಟ್ಯಾಂಕು ಅಷ್ಟಕ್ಕೆ ಸಾಲದು. ಎರಡೂ ಸೇವೆಗಳನ್ನು ಏಪ್ರಿಲ್ ಕೊನೆಯಲ್ಲೇ ನಿಲ್ಲಿಸಬೇಕಾಯಿತು. ಮಧ್ಯ ಏಷ್ಯಾದಲ್ಲಿ ವೈದ್ಯಕೀಯ ಓದುವ ನಮ್ಮ ಮಕ್ಕಳಿಗೆ ಇದು ನೇರವಾಗಿ ತಟ್ಟುವ ವಿಷಯ.

ಅನುಕೂಲ ನಮ್ಮ ಕಡೆ ವಾಲಿದ ಸಂದರ್ಭವನ್ನೂ ಹೇಳಬೇಕು. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಬಂತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರೇ, ಹಾದಿ ಉತ್ತರ ಧ್ರುವದ ಮೇಲಿನದು. ಅಂಥ ಹಾದಿ ಹಿಡಿಯಲು ರಷ್ಯಾದ ಆಕಾಶ ಬೇಕು. 2022ರಲ್ಲಿ ಉಕ್ರೇನ್ ಯುದ್ಧದ ಮೇಲೆ ರಷ್ಯಾ ಅಮೆರಿಕ ಮತ್ತು ಯೂರೋಪಿನ ಕಂಪನಿಗಳಿಗೆ ಬಾಗಿಲು ಹಾಕಿತು, ನಮಗೆ ಹಾಕಲಿಲ್ಲ. ಫಿನ್‌ಲ್ಯಾಂಡಿನ ಫಿನ್‌ಏರ್ ತನ್ನ ಇಡೀ ವ್ಯವಹಾರವನ್ನೇ ಹೆಲ್ಸಿಂಕಿಯಿಂದ ರಷ್ಯಾ ದಾಟಿ ಪೂರ್ವಕ್ಕೆ ಹೋಗುವ ಹಾದಿಯ ಮೇಲೆ ಕಟ್ಟಿಕೊಂಡಿತ್ತು, ಅದರ ಟೋಕಿಯೊ ಪ್ರಯಾಣ ಒಂಬತ್ತೂವರೆ ಗಂಟೆಯಿಂದ ಹದಿಮೂರಕ್ಕೆ ಏರಿತು. ಅಮೆರಿಕದ ಕಂಪನಿಗಳು ಇದು ಅನ್ಯಾಯದ ಸ್ಪರ್ಧೆ ಎಂದು ಕೂಗಿದಾಗ ನಮಗೆ ಅದರಲ್ಲಿ ಅನ್ಯಾಯ ಕಾಣಲಿಲ್ಲ.

ನೇಪಾಳದ ವಿಷಯ ಇನ್ನೂ ಹತ್ತಿರದ್ದು. ಸಮುದ್ರವಿಲ್ಲದ, ಮೂರು ಕಡೆ ನಾವೇ ಸುತ್ತುವರಿದ ದೇಶ. ಅದು ಭೈರಹವಾದಲ್ಲಿ ಗೌತಮ ಬುದ್ಧ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವನ್ನು 2022ರ ಮೇನಲ್ಲಿ, ಪೋಖರಾದಲ್ಲಿ ಇನ್ನೊಂದನ್ನು 2023ರ ಜನವರಿ 1ರಂದು ತೆರೆಯಿತು. ಎರಡು ನಿಲ್ದಾಣಗಳೂ ನೇಪಾಳದ ಪಶ್ಚಿಮ ಭಾಗಕ್ಕೆ ಅನುಕೂಲವಾಗುವ ಜಾಗದಲ್ಲಿವೆ. ಆದರೆ ಪಶ್ಚಿಮದಿಂದ ಬರುವ ವಿಮಾನಗಳು ಭಾರತದ ಮೇಲೆ ಹಾರಿ, ಪೂರ್ವಕ್ಕೆ ಸಿಮರಾದವರೆಗೆ ಹೋಗಿ ನೇಪಾಳ ಹೊಕ್ಕು, ಮತ್ತೆ ಹಿಂದಕ್ಕೆ ಬರಬೇಕು. ಪಶ್ಚಿಮದಲ್ಲಿ ಎತ್ತರದ ಪ್ರವೇಶ ಹಾದಿಗಳನ್ನು ಕೊಡಿ ಎಂದು ಕಠ್ಮಂಡು ವರ್ಷಗಳಿಂದ ಕೇಳುತ್ತಿದೆ. ನಮ್ಮ ವಾಯುಪಡೆಯ ನೆಲೆಗಳು ಆ ಭಾಗದಲ್ಲಿವೆ ಎಂಬ ಭದ್ರತೆಯ ಮಾತು ಸುಳ್ಳಲ್ಲ. ಆದರೆ ಅದೇ ಮಾತನ್ನು 1952ರಲ್ಲಿ ಪಾಕಿಸ್ತಾನ ಹೇಳಿದಾಗ ನಾವು ಒಪ್ಪಲಿಲ್ಲ, ಓಣಿ ಕೊಡಿ ಎಂದು ಮಾಂಟ್ರಿಯಲ್‌ವರೆಗೂ ಹೋದೆವು. ಸಮಯ ಗೊತ್ತುಮಾಡಿ, ಎತ್ತರ ಗೊತ್ತುಮಾಡಿ, ವಾಯುಪಡೆಯ ಅಭ್ಯಾಸವಿದ್ದಾಗ ನಿಲ್ಲಿಸುವ ಷರತ್ತಿನೊಂದಿಗೆ ಒಂದು ಓಣಿ ಕೊಡುವುದು ತಾಂತ್ರಿಕವಾಗಿ ಸಾಧ್ಯವಿರುವ ಕೆಲಸ. ದೆಹಲಿ ಅದನ್ನು ಕೊಡಬೇಕು ಎಂದು ನಾನು ದೃಢವಾಗಿ ನಂಬುತ್ತೇನೆ. ನಾಳೆ ಲಾಹೋರಿನ ಆಕಾಶದ ಬಗ್ಗೆ ಐಕಾವೊದಲ್ಲಿ ನಾವು ಎದ್ದು ಮಾತಾಡುವ ದಿನ ಬಂದರೆ, ಭೈರಹವಾದ ಓಣಿ ನಮ್ಮ ವಾದಕ್ಕೆ ಬಲ ಕೊಡುತ್ತದೆ.

ಇನ್ನು ಇಳಿಯುವ ಹಕ್ಕು, ಅಂದರೆ ಟಿಕೆಟ್ ಮಾರುವ ಹಕ್ಕು. ಇಲ್ಲಿ ಚೌಕಾಸಿ ಇದ್ದೇ ಇದೆ, ಇರಬೇಕಾದ್ದೂ ಹೌದು. 1946ರ ಫೆಬ್ರುವರಿಯಲ್ಲಿ ಬರ್ಮುಡಾ ದ್ವೀಪದಲ್ಲಿ ಬ್ರಿಟನ್ ಮತ್ತು ಅಮೆರಿಕ ಮಾಡಿಕೊಂಡ ಒಪ್ಪಂದ ಎಲ್ಲರಿಗೂ ಮಾದರಿಯಾಯಿತು. ಭಾರತ ಅದೇ ವರ್ಷ ಅಮೆರಿಕದ ಜೊತೆ ಸಹಿ ಹಾಕಿತು. ಆ ದೇಶದ ಕಂಪನಿಗಳು ಮಿತಿಯಿಲ್ಲದೆ ಸೀಟು ಸುರಿಯುತ್ತಿವೆ ಎನಿಸಿದಾಗ 1954ರಲ್ಲಿ ಒಪ್ಪಂದವನ್ನೇ ಕೊನೆಗೊಳಿಸುವ ನೋಟಿಸು ಕೊಟ್ಟಿತು. 1956ರಲ್ಲಿ ಹೊಸ ಒಪ್ಪಂದವಾಯಿತು. ಆಗ ತಾನೆ ಕಣ್ಣು ಬಿಡುತ್ತಿದ್ದ ದೇಶ ಅಮೆರಿಕಕ್ಕೆ ಹಾಗೆ ಎದುರು ನಿಂತದ್ದು ಸಣ್ಣ ಮಾತಲ್ಲ. 2005ರಲ್ಲಿ ಇದೇ ಎರಡು ದೇಶಗಳು ಮುಕ್ತ ಆಕಾಶ ಒಪ್ಪಂದಕ್ಕೆ ಬಂದವು.

ಇಂಥ ಒಪ್ಪಂದದ ಮುಖ್ಯ ಭಾಗವನ್ನು ಓದಿದರೆ ಎಲ್ಲವೂ ಒಂದೇ ಬಗೆಯಾಗಿ ಕಾಣುತ್ತವೆ: ಸುರಕ್ಷತೆ, ಸುಂಕ ವಿನಾಯಿತಿ, ಕಂಪನಿಯ ಒಡೆತನ ಯಾರ ಕೈಯಲ್ಲಿರಬೇಕು ಇತ್ಯಾದಿ. ಜೀವ ಇರುವುದು ಹಿಂದಿನ ಅನುಬಂಧದಲ್ಲಿ. ಅಲ್ಲಿ ಒಂದು ಪಟ್ಟಿ ಇರುತ್ತದೆ. ಹೊರಡುವ ಊರುಗಳು ಒಂದು ಕಲಂ, ನಡುವೆ ಇಳಿಯಬಹುದಾದ ಊರುಗಳು ಇನ್ನೊಂದು, ಸೇರುವ ಊರುಗಳು ಮೂರನೆಯದು, ಅದರಾಚೆಗೆ ಮುಂದುವರಿಯಬಹುದಾದ ಊರುಗಳು ನಾಲ್ಕನೆಯದು. ಅದರ ಜೊತೆಗೆ ವಾರಕ್ಕೆ ಎಷ್ಟು ಸೀಟು ಅಥವಾ ಎಷ್ಟು ಹಾರಾಟ ಎಂಬ ಅಂಕಿ. ಆ ಮೂರನೇ ಕಲಂನಲ್ಲಿ ನಿಮ್ಮ ಊರಿನ ಹೆಸರು ಇಲ್ಲದಿದ್ದರೆ, ರನ್‌ವೇ ಎಷ್ಟೇ ಉದ್ದವಿರಲಿ, ವಿದೇಶಿ ಕಂಪನಿ ಅಲ್ಲಿಗೆ ಬರುವಂತಿಲ್ಲ. ವೈಮಾನಿಕ ವಲಯದಲ್ಲಿ ಇದನ್ನೇ ಪಾಯಿಂಟ್ ಆಫ್ ಕಾಲ್ ಎನ್ನುತ್ತಾರೆ.

ಕಣ್ಣೂರು ವಿಮಾನ ನಿಲ್ದಾಣ 2018ರ ಡಿಸೆಂಬರ್ 9ರಂದು ಆರಂಭವಾಯಿತು. ರನ್‌ವೇ ಮೂರು ಕಿಲೋಮೀಟರಿಗಿಂತ ಉದ್ದ. ಕೇರಳದ ಉತ್ತರ ಜಿಲ್ಲೆಗಳವರಿಗಷ್ಟೇ ಅಲ್ಲ, ಮಾಕುಟ್ಟ ಘಾಟಿ ಇಳಿದುಬರುವ ವಿರಾಜಪೇಟೆಯವರಿಗೂ ಅದು ಅನುಕೂಲ. ಆದರೆ ಪಾಯಿಂಟ್ ಆಫ್ ಕಾಲ್ ಮಾನ್ಯತೆ ಸಿಗದೆ ವಿದೇಶಿ ಕಂಪನಿಗಳು ಬರಲಿಲ್ಲ. ನಮ್ಮ ಮಂಗಳೂರಿನಿಂದಲೂ 2006ರಿಂದ ಗಲ್ಫಿಗೆ ವಿಮಾನಗಳಿವೆ, ಹಾರಿಸುತ್ತ ಬಂದದ್ದು ನಮ್ಮ ದೇಶದ ಕಂಪನಿಗಳು. ಶಾಲೆಗೆ ರಜೆ ಬಂದಾಗ, ಈದ್ ಹತ್ತಿರವಾದಾಗ, ಕರಾವಳಿಯ ಯಾವ ಮನೆಯಲ್ಲಿ ಕೇಳಿದರೂ ಟಿಕೆಟ್ ದರದ ದೂರು ಬರುತ್ತದೆ. ಸೀಟು ಕಡಿಮೆ, ಬೇಡಿಕೆ ಹೆಚ್ಚು, ದರ ಏರುತ್ತದೆ.

ಸರ್ಕಾರದ ವಾದವನ್ನೂ ನ್ಯಾಯವಾಗಿ ಮುಂದಿಡುತ್ತೇನೆ. ದುಬೈ ಜೊತೆಗಿನ ಒಪ್ಪಂದದಲ್ಲಿ ಪ್ರತಿ ಕಡೆಗೂ ವಾರಕ್ಕೆ ಸುಮಾರು 66,000 ಸೀಟುಗಳಿವೆ. 2014ರಿಂದ ಅದು ಹೆಚ್ಚಿಲ್ಲ, ಹೆಚ್ಚಿಸಿ ಎಂದು ದುಬೈ ಕೇಳುತ್ತಲೇ ಇದೆ. ಬೆಂಗಳೂರಿನಿಂದ ಎಮಿರೇಟ್ಸ್ ಹತ್ತಿದವರಲ್ಲಿ ಎಷ್ಟೋ ಮಂದಿಗೆ ದುಬೈ ಬೇಕಿಲ್ಲ, ಅಲ್ಲಿ ವಿಮಾನ ಬದಲಿಸಿ ಲಂಡನ್ನಿಗೋ ನ್ಯೂಯಾರ್ಕಿಗೋ ಹೋಗುತ್ತಾರೆ. ಹಾಗೆ ಸೀಟು ಕೊಡುತ್ತ ಹೋದರೆ ನಮ್ಮ ಕಂಪನಿಗಳು ದೂರದ ನೇರ ವಿಮಾನಗಳನ್ನು ಕಟ್ಟಿ ನಿಲ್ಲಿಸುವುದು ಯಾವಾಗ ಎಂಬುದು ದೆಹಲಿಯ ಪ್ರಶ್ನೆ. 2013ರಲ್ಲಿ ಅಬುಧಾಬಿಗೆ ವಾರದ ಸೀಟುಗಳನ್ನು 13,000 ಚಿಲ್ಲರೆಯಿಂದ 50,000ಕ್ಕೆ ಏರಿಸಿದ್ದು ಜೆಟ್ ಏರ್‌ವೇಸ್‌ನಲ್ಲಿ ಅಬುಧಾಬಿಯ ಎತಿಹಾದ್ ಶೇಕಡ 24 ಪಾಲು ಕೊಳ್ಳುವ ಹೊತ್ತಿಗೆ. ಆ ಜೆಟ್ 2019ರ ಏಪ್ರಿಲ್‌ನಲ್ಲಿ ನೆಲಕಚ್ಚಿತು. ಒಂದು ಕಂಪನಿಯ ಲಾಭಕ್ಕಾಗಿ ದೇಶದ ಹಕ್ಕನ್ನು ಕೊಟ್ಟರೆ ಏನಾಗುತ್ತದೆ ಎಂಬುದನ್ನು ದೆಹಲಿ ಅಲ್ಲಿ ಕಂಡಿದೆ, ಅದರ ಹಿಂಜರಿಕೆಗೆ ಕಾರಣವಿದೆ.

ಆದರೆ ಅಮೆರಿಕಕ್ಕೆ ಹೋಗುವ ಪ್ರಯಾಣಿಕನನ್ನು ಉಳಿಸಿಕೊಳ್ಳಲು ಶಾರ್ಜಾದಲ್ಲಿ ದುಡಿಯುವ ಕುಂದಾಪುರದ ಹುಡುಗ ಏಕೆ ಹೆಚ್ಚು ದರ ಕೊಡಬೇಕು? ಇವೆರಡು ಬೇರೆ ಬೇರೆ ಮಾರುಕಟ್ಟೆಗಳು. ಬೆಂಗಳೂರು, ಮುಂಬೈ, ದೆಹಲಿಯ ಸೀಟುಗಳನ್ನು ಬಿಗಿ ಹಿಡಿದಿಟ್ಟು, ಮಂಗಳೂರು, ಕಣ್ಣೂರಿನಂಥ ಊರುಗಳನ್ನು ಮೂರನೇ ಕಲಂಗೆ ಸೇರಿಸಲು ಯಾವ ಅಡ್ಡಿಯೂ ಇಲ್ಲ. ಆ ಊರುಗಳಿಗೆಂದೇ ಮೀಸಲಾದ ಸೀಟು, ಬೇರೆಡೆಗೆ ವರ್ಗಾಯಿಸುವಂತಿಲ್ಲ ಎಂಬ ಷರತ್ತಿನೊಂದಿಗೆ ಕೊಡಬಹುದು. 2025ರ ಜುಲೈನಲ್ಲಿ ಕುವೈತ್ ಜೊತೆ ವಾರದ ಸೀಟುಗಳನ್ನು 12,000ದಿಂದ 18,000ಕ್ಕೆ ಏರಿಸಿಕೊಂಡಾಗಲೇ ಇಂಥ ಷರತ್ತು ಹಾಕುವ ಅವಕಾಶವಿತ್ತು.

ಮಾತುಕತೆಯ ಮೇಜಿನಲ್ಲಿ ಸಚಿವಾಲಯದ ಅಧಿಕಾರಿಗಳಿರುತ್ತಾರೆ, ವಿಮಾನ ಕಂಪನಿಗಳ ಅಭಿಪ್ರಾಯವನ್ನು ಮೊದಲೇ ಕೇಳಿರುತ್ತಾರೆ. ಟಿಕೆಟ್ ಕೊಳ್ಳುವವರ ಪರವಾಗಿ ಅಲ್ಲಿ ಯಾರೂ ಕೂತಿರುವುದಿಲ್ಲ. ಅಮೆರಿಕದಲ್ಲಿ ಸೀಮಿತ ಹಾದಿಯೊಂದನ್ನು ಯಾವ ಕಂಪನಿಗೆ ಕೊಡಬೇಕು ಎಂದು ನಿರ್ಧರಿಸುವಾಗ ಸಾರಿಗೆ ಇಲಾಖೆ ಬಹಿರಂಗವಾಗಿ ಅರ್ಜಿ ಕರೆಯುತ್ತದೆ, ನಗರಸಭೆಗಳೂ ವಿಮಾನ ನಿಲ್ದಾಣಗಳೂ ತಮ್ಮ ವಾದವನ್ನು ಬರೆದು ಸಲ್ಲಿಸುತ್ತವೆ, ಅದೆಲ್ಲ ಯಾರು ಬೇಕಾದರೂ ಓದುವಂತಿರುತ್ತದೆ. ದುಬೈ ಜೊತೆಗೋ ಶಾರ್ಜಾ ಜೊತೆಗೋ ಮುಂದಿನ ಸುತ್ತಿನ ಮಾತುಕತೆಗೆ ಹೋಗುವ ಮುನ್ನ ಸಚಿವಾಲಯದವರು ಮಂಗಳೂರಿಗೆ ಬಂದು ಒಂದು ದಿನ ಬಹಿರಂಗ ಅಹವಾಲು ನಡೆಸಲಿ. ರಜೆಗೆ ಬಂದ ಕೆಲಸಗಾರರು ಟಿಕೆಟಿನ ರಸೀದಿ ಹಿಡಿದು ಮಾತಾಡಲಿ, ಕಂಪನಿಗಳೂ ತಮ್ಮ ಲೆಕ್ಕ ಇಡಲಿ. ಆಮೇಲೆ ಅನುಬಂಧದ ಮೂರನೇ ಕಲಂನಲ್ಲಿ ಯಾವ ಊರಿನ ಹೆಸರು ಬರೆಯಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸಿ, ಬಿಟ್ಟದ್ದಕ್ಕೆ ಕಾರಣವನ್ನು ಲಿಖಿತವಾಗಿ ಪ್ರಕಟಿಸಲಿ.